ಲಂಗೋಟಿಗಳ ಮೇಲಿನ ಅಪವಾದ

ಮಗಳು ಸಿಂಧುವಿನ ಬಾಣಂತನಕ್ಕೆಂದು ಇಂದುಮತಿ ಮೈಸೂರಿನಿಂದ ಅಮೆರಿಕದ ವಾರೆನ್‌ಗೆ ಬಂದಿದ್ದರು. ಅಂಗಡಿಯ ಡೈಪರ್ ಕಟ್ಟಿದರೆ ಕೂಸಿನ ತೊಡೆ ಕೆಂಪಾಗುತ್ತದೆಂದು ಹಳೇ ಪಂಚೆ ಹರಿದು ಲಂಗೋಟಿ ಮಾಡಿಕೊಂಡೇ ಬಂದಿದ್ದರು. ಹೊರಗೆ ನೋಡಿದರೆ ಮಂಡಿಯುದ್ದ ಹಿಮ. ಒಣಹಾಕುವುದೆಲ್ಲಿ? ಬಾಣಂತಿ ಕೋಣೆಯಲ್ಲಿ ಬಿಸಿನೀರು ಹರಿದು ಕಾಯುವ ಹಳೇ ಕಬ್ಬಿಣದ ರೇಡಿಯೇಟರ್ ಇತ್ತಲ್ಲ, ಅದರ ಮೇಲೆಯೇ ಸಾಲಾಗಿ ಹರವಿದರು. ಕೆಲವೇ ದಿನಕ್ಕೆ ಅದರ ಬುಡದಲ್ಲಿ ಮರದ ನೆಲ ಒದ್ದೆಯಾಗಿ ಹಲಗೆ ಉಬ್ಬತೊಡಗಿತು. ಇನ್ನೇನು, ಲಂಗೋಟಿಯ ನೀರೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು.

ಅಳಿಯ ಸಮರ್ಥ ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು. ರಿಸೆಷನ್ನಿನಲ್ಲಿ ಕೆಲಸ ಹೋಗಿ, ಮನೆಯಲ್ಲೇ ಕೂತು ಅಲ್ಲಿಲ್ಲಿ ಅಪ್ಲೈ ಮಾಡುತ್ತಾ, ಕಂಡದ್ದಕ್ಕೆಲ್ಲ ಸಿಡಿಯುತ್ತಿದ್ದ. ಆ ಭಾನುವಾರ ಬೆಳಿಗ್ಗೆ ಉಬ್ಬಿದ ಹಲಗೆ ಎಡವಿದ್ದೇ ತಡ, ಬಾಯಿ ಹತೋಟಿ ತಪ್ಪಿತು.

"ಅತ್ತೆ, ನೀವು ಬಟ್ಟೆ ಸರಿಯಾಗಿ ಹಿಂಡಿದ್ರೆ ಈ ಗತಿ ಬರ್ತಿರ್ಲಿಲ್ಲ."

ಇಷ್ಟು ವರ್ಷ ಸಂಸಾರ ತೂಗಿಸಿದ ಹೆಂಗಸಿಗೆ ಬಟ್ಟೆ ಹಿಂಡಲು ಬರುವುದಿಲ್ಲವಂತೆ! ಇಂದುಮತಿಗೆ ಮೈಯೆಲ್ಲ ಉರಿದುಹೋಯಿತು. ಲಂಗೋಟಿಗಳನ್ನೆಲ್ಲ ಬಚ್ಚಲಿಗೆ ಒಯ್ದರು, ನೆಲ ಒರೆಸಿದರು, ರೇಡಿಯೇಟರಿನ ಬುಡಕ್ಕೆ ಒಣಬಟ್ಟೆ ಹಾಸಿ ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಊಟದ ಹೊತ್ತಿಗೆ ಆ ಬಟ್ಟೆಯೂ ತೊಯ್ದಿತ್ತು. ನೋಡುತ್ತಿದ್ದಂತೆಯೇ ವಾಲ್ವಿನ ಕುತ್ತಿಗೆಯಿಂದ ಇನ್ನೊಂದು ಹನಿ ಜಾರಿತು. ಅಳಿಯನನ್ನು ಕರೆದು ಬೆರಳು ಮಾಡಿ ತೋರಿಸಿದರು, ಅಷ್ಟೆ.

ಸಮರ್ಥನ ಮುಖ ಚಿಕ್ಕದಾಯಿತು. ಸ್ಪ್ಯಾನರ್ ತಂದವನೇ, ಬಾಯ್ಲರ್ ಆರಿಸುವ ವ್ಯವಧಾನವೂ ಇಲ್ಲದೆ ನಟ್ಟು ತಿರುಗಿಸಿದ. ನೀರು ಸೋರದಂತೆ ಒಳಗೆ ಸುತ್ತಿದ್ದ ಹಳೇ ಪ್ಯಾಕಿಂಗ್ ನೂಲು ಪುಡಿಯಾಗಿ ಬಿಸಿನೀರು ಚಿಮ್ಮಿತು. ಸಿಂಧು ಕೂಸನ್ನು ಅವಚಿಕೊಂಡು ಮೂಲೆಗೆ ಸರಿದಳು. ಇಂದುಮತಿ ದಪ್ಪ ಟವೆಲ್ ಮಡಿಸಿ ಅದುಮಿ ಹಿಡಿದರು. ಸಮರ್ಥ ಬೇಸ್‌ಮೆಂಟಿಗೆ ಓಡಿ ಬಾಯ್ಲರ್ ಆರಿಸಿ, ಪೈಪಿನ ನೀರು ಬಸಿದ.

ನೀರು ನಿಂತಿತು, ಶಾಖವೂ ನಿಂತಿತು. ಹಿಮಗಾಳಿಗೆ ರಸ್ತೆಗಳು ಮುಚ್ಚಿದ್ದವು. ಪ್ಲಂಬರ್ ನಾಳೆಗೆ ಮುಂಚೆ ಬರಲಾರೆ ಎಂದ. ಗೋಡೆಯ ಮೇಲಿನ ಥರ್ಮಾಮೀಟರಿನ ಅಂಕೆ ಅರವತ್ತು ಫ್ಯಾರನ್‌ಹೀಟಿನಿಂದ ಕೆಳಗಿಳಿಯುತ್ತಲೇ ಇತ್ತು. ಇಂದುಮತಿ ಕೂಸಿನ ಪಾದ ಮುಟ್ಟಿ ನೋಡಿದರು. ತಣ್ಣಗಿತ್ತು. ಅವರಿಗೆ ಕೋಪ ಮರೆತು ಭಯ ಹತ್ತಿತು.

ವಾಲ್ವಿನ ಕುತ್ತಿಗೆಗೆ ಸುತ್ತಲು ದಪ್ಪ ನೂಲು ಸಿಕ್ಕರೆ ತಾತ್ಕಾಲಿಕವಾಗಿ ನಿಲ್ಲಿಸಬಹುದು ಎಂದು ಸಮರ್ಥ ಡ್ರಾಯರ್‌ಗಳನ್ನೆಲ್ಲ ಜಾಲಾಡಿದ. ಇಂದುಮತಿ ದೇವರ ಮುಂದಿದ್ದ ಡಬ್ಬಿ ತಂದರು. ದಿನಾ ಕೂತು ಹೊಸೆದ ಹತ್ತಿಯ ಉದ್ದಬತ್ತಿಗಳು. ಕೂಸಿಗೆ ಹಚ್ಚುವ ಹರಳೆಣ್ಣೆಯಲ್ಲಿ ಅದ್ದಿ ಒಂದೊಂದಾಗಿ ಕೊಟ್ಟರು. ಅವನು ಬಿಗಿಯಾಗಿ ಸುತ್ತಿ, ಈ ಸಲ ನಿಧಾನವಾಗಿ ನಟ್ಟು ಕೂರಿಸಿದ. ಪೈಪಿಗೆ ನೀರು ಬಿಟ್ಟು ಬಾಯ್ಲರ್ ಹಚ್ಚಿ ಬಂದ ಮೇಲೆ ಮೂವರೂ ವಾಲ್ವನ್ನೇ ನೋಡುತ್ತಾ ನಿಂತರು. ಕಬ್ಬಿಣ ಟಕಟಕ ಎಂದು ಕಾಯತೊಡಗಿತು. ಕೆಳಗೆ ಹಾಸಿದ ಬಟ್ಟೆ ಒಣಗಿಯೇ ಉಳಿಯಿತು.

ಸಮರ್ಥ ಸ್ಪ್ಯಾನರ್ ಎತ್ತಿಕೊಂಡು ಎದ್ದುಹೋದ. ತಪ್ಪಾಯ್ತು ಎಂದು ಒಂದು ಮಾತು ಅಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇಂದುಮತಿ ಆ ನೋವಿನಲ್ಲೇ ಮಲಗಿದರು.

ಬೆಳಿಗ್ಗೆ ಬಾಣಂತಿ ಕೋಣೆಗೆ ಕಾಲಿಟ್ಟರೆ ನೆಲ ಮತ್ತೆ ಒದ್ದೆ! ಬಗ್ಗಿ ವಾಲ್ವಿನ ಕುತ್ತಿಗೆ ಸವರಿದರು. ಒಣಗಿತ್ತು. ಅಷ್ಟರಲ್ಲಿ ಅವರ ಕೈಮೇಲೆಯೇ ಹನಿಯೊಂದು ಬಿತ್ತು. ತಲೆಯೆತ್ತಿ ನೋಡಿದರೆ ರೇಡಿಯೇಟರಿನ ಮೇಲೆ ಲಂಗೋಟಿಗಳ ಸಾಲು, ಒಂದೊಂದೂ ಸೊಟ್ಟಸೊಟ್ಟಗೆ, ನೀರು ಸುರಿಸುತ್ತಿದ್ದವು. ಬಾಗಿಲಲ್ಲಿ ಸಮರ್ಥ ನಿಂತಿದ್ದ. ತೋಳು ಮೊಣಕೈವರೆಗೆ ನೆನೆದಿತ್ತು.

"ನಾನೇ ಒಗೆದು ಹಾಕ್ದೆ, ಅತ್ತೆ," ಎಂದ, ನೆಲ ನೋಡುತ್ತಾ.

ಇಂದುಮತಿಗೆ ಕಣ್ಣು ತುಂಬಿ ಬಂತು, ನಗುವೂ ಬಂತು. ಉದ್ದನೆಯದೊಂದು ಲಂಗೋಟಿ ಎಳೆದುಕೊಂಡು, ಅದರ ತುದಿಯನ್ನು ಅಳಿಯನ ಕೈಗೆ ಕೊಟ್ಟರು.

"ಗಟ್ಟಿಯಾಗಿ ಹಿಡ್ಕೊಳ್ಳಿ. ನೀವು ಆ ಕಡೆ ತಿರುಚಿ, ನಾನು ಈ ಕಡೆ."