ಎಡಗೈಯ ಚೀಲ

ಅಮ್ಮನ ನಡಿಗೆಗೂ ತಾನು ಅಂಕ ಹಾಕತೊಡಗಿದ್ದೇನಲ್ಲ ಎಂದು ಅವಳಿಗೆ ಹೊಳೆದದ್ದು ತರಕಾರಿ ಅಂಗಡಿಯ ಮುಂದೆ. ತನಗೆ ತಾನೇ ಹೇಳಿಕೊಳ್ಳಲೂ ನಾಚಿಕೆ. ಡಾಕ್ಟರಿಕೆ ಮುಗಿಸಿ ನರರೋಗಗಳ ಸಂಶೋಧನೆಗೆ ಸೇರಿದ ಮೇಲೆ, ಗಾಜಿನ ಹಾದಿಯ ಮೇಲೆ ಇಲಿಗಳು ನಡೆಯುವುದನ್ನು ನೋಡಿ ಅಂಕ ಹಾಕುವುದೇ ಅವಳ ಕೆಲಸ. ಯಾವ ಇಲಿಗೆ ಕಾಯಿಲೆಯೆಂದು ನೋಡುವವರಿಗೆ ತಿಳಿಸುವಂತಿಲ್ಲ. ಗೊತ್ತಿದ್ದರೆ ಕಣ್ಣು ಸುಳ್ಳು ಹೇಳುತ್ತದೆ.

ಮುಂದೆ ಹೋಗುತ್ತಿದ್ದ ಅಮ್ಮನ ಬಲಗೈ ಸಲೀಸಾಗಿ ಬೀಸುತ್ತಿತ್ತು. ಎಡಗೈಯಲ್ಲಿ ಚೀಲ. ಈಚೆಗೆ ಚೀಲ ಯಾವಾಗಲೂ ಎಡಗೈಯಲ್ಲೇ, ಖಾಲಿಯಿದ್ದಾಗಲೂ. ಮೊನ್ನೆ ಹಾಲು ಸೀದು ಮನೆಯೆಲ್ಲ ನಾರಿದರೂ ಒಲೆಯ ಪಕ್ಕದಲ್ಲೇ ಇದ್ದ ಅಮ್ಮನಿಗೆ ವಾಸನೆ ಬಡಿದಿರಲಿಲ್ಲ. ಅವಳು ಇಲಿಗಳಲ್ಲಿ ಹುಡುಕುವ, ಕೈ ನಡುಗಿಸುವ ಆ ಕಾಯಿಲೆ, ನಡುಕಕ್ಕೆ ಎಷ್ಟೋ ಮೊದಲು ಇಂಥ ಕಡೆಯೇ, ಬೀಸದ ಕೈಯಲ್ಲಿ, ತಿಳಿಯದ ವಾಸನೆಯಲ್ಲಿ, ಸುಳಿವು ಬಿಡುತ್ತದೆ.

"ಏನೇ, ಪೊಲೀಸರ ಥರ ಹಿಂದಿಂದೆ ಬರ್ತಿದ್ದೀಯ? ನಾನೇನು ಕದ್ದಿದ್ದೀನಾ?"

"ಏನಿಲ್ಲಮ್ಮ. ಚೀಲ ಕೊಡು, ನಾನು ಹಿಡ್ಕೋತೀನಿ."

ಚೀಲ ಕೊಟ್ಟದ್ದೇ ತಡ, ಅಮ್ಮನ ಎಡಗೈ ಸ್ವೆಟರಿನ ಜೇಬಿಗೆ ಇಳಿಯಿತು. ಅಮ್ಮನಿಗೂ ಗೊತ್ತಿದೆಯೆ? ಗೊತ್ತಿದ್ದೇ ಮುಚ್ಚಿಡುತ್ತಿದ್ದಾಳೆಯೆ?

ಮರುದಿನ ಬೆಳಿಗ್ಗೆ ಅಮ್ಮ ಬರಿಗೈಯಲ್ಲಿ ಗೇಟಿನವರೆಗೆ ಹೋದದ್ದನ್ನು ಅವಳು ಕಿಟಕಿಯಿಂದ ಫೋನಿನ ವಿಡಿಯೊದಲ್ಲಿ ಹಿಡಿದಳು. ಮುಖ ಕಾಣದಂತೆ ಕತ್ತರಿಸಿ, ಜೊತೆಗೆ ಕೆಲಸ ಮಾಡುವ ಹಿರಿಯ ಡಾಕ್ಟರಕ್ಕನಿಗೆ ತೋರಿಸಿದಳು. ಅಮ್ಮನ ಅಡುಗೆಯನ್ನು ಎಷ್ಟೋ ಸಲ ಉಂಡಿದ್ದ ಅಕ್ಕನಿಗೂ ಗುರುತು ಸಿಗಲಿಲ್ಲ; ಅದು ಯಾರೆಂದು ಕೇಳದೆಯೇ ನಕ್ಕಳು.

"ಮತ್ತೆ ಶುರುವಾಯ್ತಾ ನಿನ್ನ ಅನುಮಾನ? ಮೊದಲ ವರ್ಷ ನಂಗೂ ಹಿಂಗೇ ಕಣೆ. ನನ್ನ ಕಣ್ಣಿಗೆ ನಮ್ಮತ್ತೆಗೆ ಇಲ್ಲದ ಕಾಯಿಲೆ ಇರ್ಲಿಲ್ಲ. ಅವ್ರು ಇವತ್ತಿಗೂ ಗಟ್ಟಿಮುಟ್ಟು, ಸೊಂಟ ಹಿಡಿದಿರೋದು ನಂಗೆ."

ಆಮೇಲೆ, "ಇನ್ನೊಂದ್ಸಲ ಹಾಕು," ಎಂದಳು. ನಗು ನಿಂತಿತ್ತು.

"ಎಡಗೈ ಬೀಸ್ತಾನೇ ಇಲ್ವಲ್ಲ. ಬೇಗ ಕರೆಸು ಇವ್ರನ್ನ. ಯಾರ ಪೇಷಂಟು?"

"ಗೊತ್ತಿರೋರು."

ಸಂಜೆ ಅಮ್ಮ ಮಂಚದ ಮೇಲೆ ಒಣಗಿದ ಬಟ್ಟೆ ಹರಡಿಕೊಂಡು ಕೂತಿದ್ದಳು. ಒಂದೇ ಕೈಯಲ್ಲಿ ಮಡಚುತ್ತಿದ್ದಳು. ಟವೆಲಿನ ಅಂಚುಗಳು ಕೂಡುತ್ತಿರಲಿಲ್ಲ.

"ಬೆಳಿಗ್ಗೆ ಕಿಟಕೀಲಿ ಫೋನ್ ಹಿಡ್ಕೊಂಡು ನಿಂತಿದ್ದೆಯಲ್ಲ, ನೋಡ್ದೆ," ಎಂದಳು ತಲೆಯೆತ್ತದೆ. "ಏನಂತಾರೆ ನಿಮ್ಮ ಇಲಿ ಡಾಕ್ಟ್ರು?"

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಸುಳ್ಳು ಬಾಯಿಗೆ ಬರಲಿಲ್ಲ. ಅವಳು ಪಕ್ಕದಲ್ಲಿ ಕೂತು, ಸ್ವೆಟರಿನ ಜೇಬಿನಿಂದ ಅಮ್ಮನ ಎಡಗೈಯನ್ನು ಮೆಲ್ಲಗೆ ಹೊರತೆಗೆದು, ಅದಕ್ಕೆ ಟವೆಲಿನ ಒಂದು ಅಂಚನ್ನು ಹಿಡಿಸಿದಳು. ಇನ್ನೊಂದು ಅಂಚನ್ನು ತಾನು ಹಿಡಿದಳು.

"ಈ ಕೈ ಬೀಸ್ತಾ ಇಲ್ಲಮ್ಮ. ನಂಗೆ ಭಯ ಆಗ್ತಿದೆ."