ಅವನ ಗಂಟೆ

ಆ ಬಾಕ್ಸಿಂಗ್ ಪಂದ್ಯದ ಒಂಬತ್ತನೆಯ ಸುತ್ತು ಇನ್ನೂ ಅರ್ಧ ಉಳಿದಿತ್ತು. ಅವನು ನೆಲಕ್ಕೆ ಬಿದ್ದಿದ್ದ. ರೆಫರಿಯ ಎಣಿಕೆ ಏಳಕ್ಕೆ ಬಂದಿತ್ತು. ಹತ್ತು ಎಂದಿದ್ದರೆ ಪಂದ್ಯ ಮುಗಿಯುತ್ತಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿ ಸುತ್ತು ಮುಗಿಯಿತೆಂದರು. ಎಬ್ಬಿಸಿ ಮೂಲೆಯ ಸ್ಟೂಲಿನ ಮೇಲೆ ಕೂರಿಸಿದರು, ಮುಖಕ್ಕೆ ನೀರು ಎರಚಿದರು, ಮತ್ತೆ ಮೂರು ಸುತ್ತು ಆಡಿಸಿದರು.

ಎಷ್ಟೋ ವರ್ಷಗಳ ಮೇಲೆ, ಅದೇ ಗಂಟೆಯನ್ನು ಈಗ ಇಬ್ಬರು ಕೆಲಸದವರು ಹಲಗೆಸಮೇತ ಹೊತ್ತು ತಂದು ರಿಂಗಿನ ಪಕ್ಕದ ಮೇಜಿನ ಮೇಲೆ ಇಳಿಸುತ್ತಿದ್ದರು.

"ಮೆಲ್ಲಗೆ," ಅಂದಳು ಅವನ ಹೆಂಡತಿ. "ಸದ್ದಾಗಬಾರದು."

ಕೆಲಸದವರು ತಲೆ ತಗ್ಗಿಸಿದರು. ಹೆಣದ ಮುಂದೆ ಮರ್ಯಾದೆಯಿಂದ ಇರಿ ಎನ್ನುತ್ತಿದ್ದಾಳೆ ಎಂದುಕೊಂಡರು. ಅವಳ ಕಣ್ಣು ಮಾತ್ರ ಗಂಟೆಯ ಮೇಲಿತ್ತು.

ರಿಂಗಿನ ನಡುವೆ ಎರಡು ಬೆಂಚುಗಳ ಮೇಲೆ ಪೆಟ್ಟಿಗೆ. ಮಾಮೂಲಿ ಪೆಟ್ಟಿಗೆಯಲ್ಲಿ ಆ ಹೆಗಲು ಹಿಡಿಸದೆ ಬೇರೆಯೇ ಮಾಡಿಸಿದ್ದರು. ನೆತ್ತಿಯ ಮೇಲೆ ಪಂದ್ಯದ ದಿನದ ದೀಪಗಳೆಲ್ಲ ಉರಿಯುತ್ತಿದ್ದವು. ಮನೆಯಿಂದಲೇ ಮಣ್ಣಿಗೆ ಒಯ್ಯಬೇಕೆಂದು ಅವಳ ಮನಸ್ಸಿನಲ್ಲಿತ್ತು. ಬೆಳಕು ಹರಿಯುವಷ್ಟರಲ್ಲಿ ಯಜಮಾನರ ವ್ಯಾನ್ ಬಂದು ನಿಂತಿತು. ಈ ಹಾಲ್ ಯಜಮಾನರದು, ಇಲ್ಲಿನ ಪಂದ್ಯಗಳು ಯಜಮಾನರವು, ಅವನೂ ಅವರವನೇ ಆಗಿದ್ದ. "ಗೋಡೆ ನಿನಗೆ ಮಾತ್ರ ಸೇರಿದವನಲ್ಲಮ್ಮ, ಜನ ಕೊನೇ ಸಲ ನೋಡಬೇಡವಾ?" ಎಂದು ಹೇಳಿ ಕಳಿಸಿದ್ದರು.

ಗೋಡೆ ಎನ್ನುವುದು ಜನ ಇಟ್ಟ ಹೆಸರು. ಗುದ್ದಿದವನ ಕೈ ನೋಯಬೇಕೇ ಹೊರತು ಗೋಡೆಗೇನು ಎಂದು ನಗುತ್ತಿದ್ದರು.

ಹೆಣವನ್ನು ತೊಳೆದು ಸಿದ್ಧ ಮಾಡುವವನು ಹಗ್ಗಗಳ ಸಂದಿಯಿಂದ ತಲೆ ಹಾಕಿ ಅವಳನ್ನು ಕರೆದ.

"ಅಮ್ಮ, ತಪ್ಪು ತಿಳೀಬೇಡಿ. ಇವರ ಕೈ ನೀವೇನಾದ್ರೂ ಮುಟ್ಟಿದ್ರಾ?"

"ಇಲ್ವಲ್ಲ."

"ನಾನು ಬೆರಳು ಬಿಡಿಸಿ, ಎದೆ ಮೇಲೆ ಒಂದರ ಮೇಲೊಂದು ಜೋಡಿಸಿದ್ದೆ. ಎದುರುಗಡೆ ಸ್ಕೂಲಿನ ಗಂಟೆ ಹೊಡೀತಲ್ಲ, ಆಮೇಲೆ ಬಂದು ನೋಡ್ತೀನಿ, ಹೀಗಿದೆ."

ಎರಡೂ ಕೈ ಮುಷ್ಟಿ ಕಟ್ಟಿದ್ದವು. ಎಡಗೈ ಬಲಗೈಗಿಂತ ತುಸು ಮುಂದಿತ್ತು.

"ಹೆಣ ಬಿಗಿಯುತ್ತೆ ಅಂತಾರಲ್ಲ," ಅಂದಳು.

"ಬಿಗಿಯುತ್ತೆ, ಆಮೇಲೆ ಸಡಿಲಾಗುತ್ತೆ. ಸಡಿಲಾದದ್ದು ಮತ್ತೆ ಬಿಗಿಯಲ್ಲ ಅಮ್ಮ. ಇದೇ ಕಸುಬಿನಲ್ಲಿ ತಲೆ ನರೆತಿದೆ ನಂದು." ಅವನು ಮುಷ್ಟಿಯೊಳಗೆ ಕಿರುಬೆರಳು ತೂರಿಸಲು ನೋಡಿದ. "ಕಡ್ಡಿ ಕೂಡ ಹೋಗಲ್ಲ."

ಅವಳಿಗೆ ಆಶ್ಚರ್ಯವಾಗಲಿಲ್ಲ. ಪೆಟ್ಟಿಗೆಯ ಮೇಲೆ ಬಾಗಿ, ಮನೆಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು:

"ರೀ, ಅದು ನಿಮ್ಮ ಗಂಟೆ ಅಲ್ಲ. ಮಲಗಿ."

*

ಬಾಕ್ಸರ್ ಆಗುವ ಮೊದಲು ಅವನು ಶೀತಲಗೃಹದಲ್ಲಿ ಮೂಟೆ ಹೊರುತ್ತಿದ್ದ. ಅವಳ ಅಣ್ಣ ಈ ಹಾಲ್‌ನಲ್ಲಿ ಗಂಟೆ ಬಾರಿಸುವವನು. ಗಡಿಯಾರ ನೋಡಿಕೊಂಡು ಸುತ್ತು ಶುರು ಮಾಡಿಸುವುದು, ಮುಗಿಸುವುದು ಅವನ ಕೆಲಸ. ಇಂಥ ಬಲಶಾಲಿ ಆಳು ಇದ್ದಾನೆ ಎಂದು ಯಜಮಾನರ ಕಿವಿಗೆ ಹಾಕಿದವನು ಅಣ್ಣನೇ. ಯಜಮಾನರು ಹೋಗಿ, ಸರಕು ತೂಗುವ ತಕ್ಕಡಿಯ ಮೇಲೆ ಅವನನ್ನು ನಿಲ್ಲಿಸಿ ತೂಗಿದರು. ಹಲ್ಲು ನೋಡಿದರು. ಹೆವಿವೇಟ್ ಎಂದರು. ಮನುಷ್ಯನನ್ನು ತೂಕ ಹಾಕಿ ಕೊಳ್ಳುವ ಜಾಗ ಬೇರೆ ಯಾವುದಿದೆ ಎಂದು ಆಗ ಯಾರೂ ಕೇಳಲಿಲ್ಲ. ಅವನಿಗಂತೂ ಸಂತೋಷವಾಗಿತ್ತು. ಬೆನ್ನಿನ ಮೇಲೆ ಮಂಜುಗಡ್ಡೆಯ ನೀರು ಇಳಿಯುವುದು ತಪ್ಪಿತಲ್ಲ.

ಗೆದ್ದ. ಗೆಲ್ಲುತ್ತಲೇ ಹೋದ. ಅವನ ಎಡಗೈ ಗುದ್ದು ಬಾಗಿಲು ತಟ್ಟಿದಂತೆ, ಬಲಗೈ ಗುದ್ದು ಬಾಗಿಲು ಮುರಿದಂತೆ ಎಂದು ಪತ್ರಿಕೆಯವರು ಬರೆದರು. ಬೀದಿಯ ಹುಡುಗರು ಅವನ ಹಾಗೆ ಭುಜ ಕುಣಿಸಿ ನಡೆದರು. ಅಣ್ಣನೇ ನಿಂತು ತಂಗಿಯನ್ನು ಮದುವೆ ಮಾಡಿಕೊಟ್ಟ. ಚಿನ್ನದ ಬಣ್ಣದ ಬೆಲ್ಟ್ ಬಂತು, ಎರಡು ಕೋಣೆಯ ಮನೆ ಬಂತು.

ಪಂದ್ಯ ಗೆದ್ದ ಮಾರನೆಯ ದಿನ ಅವನ ಗೆಣ್ಣುಗಳು ಊದಿಕೊಂಡು ಚಮಚ ಹಿಡಿಯಲಾಗುತ್ತಿರಲಿಲ್ಲ. ಉಪ್ಪುನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದ. ಅವಳು ತುತ್ತು ಕಲಸಿ ಬಾಯಿಗಿಡುತ್ತಿದ್ದಳು.

"ನಾಡಿಗೆ ರಾಜ, ಹೆಂಡತಿಗೆ ಕೂಸು," ಎಂದು ಅವಳು ಅಣಕಿಸಿದರೆ, "ಸುಮ್ನಿರೇ, ಯಾರಾದ್ರೂ ಕೇಳಿಸ್ಕೊಂಡಾರು," ಎನ್ನುತ್ತಿದ್ದ.

ಹಸುವಿನಂಥ ಮನುಷ್ಯ. ಆಗೆಲ್ಲ ಬೆಳಿಗ್ಗೆ ಅಲಾರಂ ಹೊಡೆದರೆ ಮುಸುಕೆಳೆದು ಮಲಗುತ್ತಿದ್ದ. ಎಬ್ಬಿಸಲು ಅವಳಿಗೆ ಸಾಕುಸಾಕಾಗುತ್ತಿತ್ತು.

*

ಜನ ಬರತೊಡಗಿದರು. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ, ಹಗ್ಗದಡಿ ನುಸುಳಿ, ಪೆಟ್ಟಿಗೆ ಸುತ್ತಿ ಇಳಿದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಯಜಮಾನರು ಕೂತು ಕ್ಯಾಮೆರಾದವರಿಗೆ ಎಲ್ಲಿ ನಿಲ್ಲಬೇಕೆಂದು ಬೆರಳಿನಿಂದ ತೋರಿಸುತ್ತಿದ್ದರು. "ಇಂಥ ಧೈರ್ಯಶಾಲಿ ಇನ್ನು ಹುಟ್ಟಲ್ಲ. ಬಿದ್ದರೂ ಎದ್ದವನು," ಎನ್ನುತ್ತಿದ್ದರು.

"ಸತ್ತೆಮ್ಮೆಗೆ ಹತ್ತು ಸೇರು ಹಾಲು," ಎಂದು ಅವಳ ಕಿವಿಯ ಹತ್ತಿರ ಯಾರೋ ಗೊಣಗಿದರು.

ತಿರುಗಿದಳು. ಮೂಗು ಚಪ್ಪಟೆಯಾದ, ಮುಪ್ಪಿನಲ್ಲೂ ಕುಗ್ಗದ ಆಳು. ಆ ರಾತ್ರಿ ಅವಳ ಗಂಡನ ಎದುರು ನಿಂತು ಗೆದ್ದವನು. ಜನ ಕಬ್ಬಿಣ ಎನ್ನುತ್ತಿದ್ದರು.

"ಬರಬಾರದಿತ್ತೇನೋ ಅತ್ತಿಗೆ," ಅಂದ ಕಬ್ಬಿಣ. "ಬೈಯೋದಿದ್ರೆ ಬೈದುಬಿಡಿ, ನಿಂತ್ಕೋತೀನಿ."

"ನಿಮ್ಮನ್ನ ಬೈದು ಏನಾಗಬೇಕು. ನಿಮ್ಮ ಕೆಲಸ ನೀವು ಮಾಡಿದ್ರಿ."

ಅವನು ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಒಂದು ಮಾತು. ಯಾರ ಹತ್ರಾನೂ ಹೇಳಿಲ್ಲ. ಒಂಬತ್ತನೇ ಸುತ್ತಲ್ಲಿ ನಾನು ಹೊಡೆದೆನಲ್ಲ, ಅಲ್ಲಿಗೇ ಅವನು ಹೋಗಿಬಿಟ್ಟಿದ್ದ. ಹೊಡೆದ ಕೈಗೆ ಗೊತ್ತಾಗುತ್ತೆ. ಗಂಟೆ ಆದಮೇಲೆ ಬಂದು ನನ್ನ ಎದುರು ನಿಂತಿತಲ್ಲ, ಅದರ ಕಣ್ಣಲ್ಲಿ ಯಾರೂ ಇರಲಿಲ್ಲ ಅತ್ತಿಗೆ."

"ಅದು ಅಂತೀರಾ?"

"ಇನ್ನೇನನ್ನಲಿ? ಹೊಡೀತಾ ಹೋದೆ, ನಿಂತೇ ಇತ್ತು. ಬೀಳು ಮಾರಾಯ, ಬೀಳು ಅಂತ ಬಾಯಲ್ಲೇ ಹೇಳ್ದೆ. ಬೀಳಲಿಲ್ಲ. ಗಂಟೆ ಹೊಡೆದಾಗ ತಿರುಗಿಕೊಂಡು ಮೂಲೆಗೆ ಹೋಗೋದು, ಮತ್ತೆ ಹೊಡೆದಾಗ ಎದ್ದು ಬರೋದು. ಸುತ್ತ ಜನ ಶಿಳ್ಳೆ ಹೊಡೀತಿದ್ರು. ನನಗೆ ಬೆನ್ನಲ್ಲಿ ಚಳಿ."

"ಆಮೇಲೆ ನನ್ನ ಮನೆಗೆ ಬಂದದ್ದೂ ಅದೇ," ಅಂದಳು. "ಅದಕ್ಕೇ ಇಷ್ಟು ವರ್ಷ ಅನ್ನ ಇಕ್ಕಿದೆ."

*

ಆ ಪಂದ್ಯದ ನಂತರ ಆಸ್ಪತ್ರೆಯಲ್ಲಿ ಅವನು ಅವಳ ಗುರುತು ಹಿಡಿಯಲಿಲ್ಲ. ಕರೆದರೆ ಕೇಳದ ಹಾಗೆ ಸೂರು ನೋಡುತ್ತ ಮಲಗಿದ್ದ. ಸಂಜೆ, ನೋಡಲು ಬಂದವರು ಹೊರಡಲಿ ಎಂದು ವಾರ್ಡಿನ ಗಂಟೆ ಬಾರಿಸಿದರು. ಮಲಗಿದ್ದವನು ಎದ್ದು ನಿಂತ. ಮುಷ್ಟಿ ಕಟ್ಟಿದ, ಗಲ್ಲ ಎದೆಗಿಳಿಸಿದ, ಎಡಗಾಲು ಮುಂದಿಟ್ಟ. ಎದುರಿಗೆ ಗೋಡೆ ಮಾತ್ರ ಇತ್ತು. ಅದರ ಹೊಡೆತಕ್ಕೆ ಕಾಯುತ್ತ ನಿಂತ.

ಅವಳು ಮನೆಯ ಕರೆಗಂಟೆ ಕಿತ್ತು ಹಾಕಿಸಿದಳು. ಅಲಾರಂ ಗಡಿಯಾರವನ್ನು ಪಕ್ಕದ ಮನೆಗೆ ಕೊಟ್ಟಳು. ಬರುವವರೆಲ್ಲ ಕದ ತಟ್ಟಬೇಕೆಂದು ಬೀದಿಗೆಲ್ಲ ಹೇಳಿಬಂದಳು. ಆದರೂ ಹೊರಗೆ ಸೈಕಲ್ ಗಂಟೆ, ದೂರದ ಕಾರ್ಖಾನೆಯ ಗಂಟೆ. ಊರಿನಲ್ಲಿ ಎಷ್ಟು ಗಂಟೆಗಳಿವೆ ಎಂಬುದು ಅಲ್ಲಿಯವರೆಗೆ ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಸಲವೂ ಅವನು ಏಳುತ್ತಿದ್ದ. ಪ್ರತಿ ಸಲವೂ ಅವಳು ಎದೆಯ ಮೇಲೆ ಅಂಗೈ ಇಟ್ಟು, ಅದು ನಿಮ್ಮ ಗಂಟೆ ಅಲ್ಲ, ಮಲಗಿ, ಎನ್ನುತ್ತಿದ್ದಳು. ಆ ಒಂದು ಮಾತು ಅವನಿಗೆ ತಿಳಿಯುತ್ತಿತ್ತು. ಮಲಗುತ್ತಿದ್ದ.

ಸುದ್ದಿ ಯಜಮಾನರಿಗೆ ಮುಟ್ಟಿತು. ಬಂದು ನೋಡಿದರು. ಜೇಬಿನಿಂದ ಬೀಗದ ಕೈ ತೆಗೆದು ಸ್ಟೀಲ್ ಲೋಟಕ್ಕೆ ಟಣ್ ಎನ್ನಿಸಿ, ಅವನು ಎದ್ದು ನಿಂತದ್ದನ್ನು ನೋಡಿ ತಲೆದೂಗಿದರು. ಆಮೇಲೆ ಕೆಲವು ವರ್ಷ ಅವನನ್ನು ಊರೂರಿನ ವಸ್ತುಪ್ರದರ್ಶನಗಳಿಗೆ ಒಯ್ದರು. ಕುರ್ಚಿಯಲ್ಲಿ ತೂಕಡಿಸುತ್ತಿರುವ ಗೋಡೆ. ಗಂಟೆ ಹೊಡೆದರೆ ಏಳುವ ಗೋಡೆ. ಯಾರು ಬೇಕಾದರೂ ಬಂದು ಹೊಟ್ಟೆಗೆ ಗುದ್ದಬಹುದಾದ ಗೋಡೆ. ಅವಳು ಒಲ್ಲೆನೆಂದ ತಿಂಗಳು ಯಜಮಾನರ ಕಡೆಯಿಂದ ಔಷಧ ಬರುವುದು ನಿಂತಿತು. ಮರುತಿಂಗಳು ಅವಳೇ ಅವನ ಷೂ ಲೇಸು ಕಟ್ಟಿ ಕಳಿಸಿದಳು.

ಅಲ್ಲಿಯೂ ಗಂಟೆ ಬಾರಿಸುತ್ತಿದ್ದವನು ಅವಳ ಅಣ್ಣ. ಇದೇ ಗಂಟೆ.

*

ಅಣ್ಣ ಮೇಜಿನ ಹಿಂದೆ ತನ್ನ ಹಳೆಯ ಜಾಗದಲ್ಲಿ ಕೂತಿದ್ದ. ಮುಂದೆ ಗಂಟೆ, ಕೈಯಲ್ಲಿ ಅದನ್ನು ಬಾರಿಸುವ ಮರದ ಪುಟ್ಟ ಕೊಡತಿ. ಒಂಬತ್ತನೆಯ ಸುತ್ತಿನ ಆ ರಾತ್ರಿಯಿಂದ ಅವಳು ಅವನೊಡನೆ ಮಾತಾಡಿರಲಿಲ್ಲ. ಈಗ ಹೋಗಿ ಎದುರಿಗೆ ನಿಂತಳು.

"ಬಾರಿಸ್ತೀಯಾ?"

"ಪದ್ಧತಿ ಅಲ್ವಾ ಪುಟ್ಟಿ," ಅಂದ ಅಣ್ಣ, ತಲೆ ಎತ್ತದೆ. "ಬಾಕ್ಸರ್ ಸತ್ತರೆ ಹತ್ತು ಸಲ ಬಾರಿಸಬೇಕು. ಹತ್ತು ಎಣಿಸಿ ಕಳಿಸೋದು. ಎಲ್ಲರಿಗೂ ಮಾಡಿದೀವಿ."

"ಎಲ್ಲರೂ ಗಂಟೆಗೆ ಏಳ್ತಿದ್ರಾ?"

ಅವನು ಕೊಡತಿಯನ್ನು ಮೇಜಿನ ಮೇಲಿಟ್ಟು ಮತ್ತೆ ಕೈಗೆತ್ತಿಕೊಂಡ.

"ಬೇರೆ ಗಂಟೆ ಆಗಿದ್ರೆ ನಿಮ್ಮದಲ್ಲ, ಮಲಗಿ ಅಂತ ಹೇಳ್ತಿದ್ದೆ. ಇದು ಅವರದೇ ಗಂಟೆ ಅಣ್ಣ. ಇದಕ್ಕೆ ಏನಂತ ಹೇಳಲಿ? ಒಂದು ಸಲ ಮಲಗೋಕೆ ಬಿಟ್ಟಿದ್ರೆ ಅವತ್ತೇ ಮಲಗ್ತಿದ್ರು. ಯಜಮಾನ್ರು ಬೆರಳೆತ್ತಿದ್ರು, ನೀನು ಹೊಡೆದೆ. ಕೋಲೆಬಸವನಿಗಾದ್ರೂ ವಾದ್ಯ ಊದಬೇಕು, ನಿನಗೆ ಬೆರಳು ಸಾಕು."

"ನನ್ನ ಕೈಲಿ ಏನಿದೆ ಹೇಳು."

"ಕೊಡತಿ ಇದೆ," ಅಂದಳು ಅವಳು.

ಯಜಮಾನರು ಎದ್ದು ನಿಂತರು. ಕ್ಯಾಮೆರಾಗಳು ತಿರುಗಿದವು. ಜನ ಟೋಪಿ ತೆಗೆದರು. ಕೆಮ್ಮುತ್ತಿದ್ದವರು ಕೆಮ್ಮು ನುಂಗಿದರು. ಹಾಲ್ ಎಷ್ಟು ನಿಶ್ಶಬ್ದವಾಯಿತೆಂದರೆ ದೀಪಗಳ ಗುಂಯ್ ಎನ್ನುವ ಸದ್ದು ಕೇಳಿಸಿತು. ಅದರ ನಡುವೆ ರಿಂಗಿನ ಹಲಗೆ ಒಮ್ಮೆ ಕಿರುಗುಟ್ಟಿತು. ಭಾರದ ಆಳೊಬ್ಬ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಕ ಬದಲಿಸಿದಾಗ ಬರುವ ಸದ್ದು. ಬಾಕ್ಸಿಂಗ್ ನೋಡಿದವರಿಗೆಲ್ಲ ಪರಿಚಯದ ಸದ್ದು. ರಿಂಗಿನಲ್ಲಿ ಹೆಣ ತೊಳೆಯುವವನೊಬ್ಬನೇ ಇದ್ದ. ಅವನು ಸಣಕಲ, ಅಲುಗಾಡದೆ ನಿಂತಿದ್ದ.

ಕಬ್ಬಿಣ ತನಗರಿವಿಲ್ಲದೆ ಗಲ್ಲ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದ.

ಯಜಮಾನರು ಬೆರಳೆತ್ತಿದರು.

ಅಣ್ಣ ಕೊಡತಿ ಎತ್ತಿದ. ಅದು ಗಂಟೆಯ ಹತ್ತಿರಕ್ಕೆ ಬಂತು. ಹಿತ್ತಾಳೆಯಲ್ಲಿ ಅವನ ಮುಖ ಉದ್ದವಾಗಿ, ವಕ್ರವಾಗಿ ಕಂಡಿತು. ಮುಖದ ಹಿಂದೆ ರಿಂಗು, ಹಗ್ಗಗಳು, ಪೆಟ್ಟಿಗೆ. ಪೆಟ್ಟಿಗೆಯ ಅಂಚಿನಲ್ಲಿ ಒಂದು ಮುಷ್ಟಿ ಇತ್ತು. ತಿರುಗಿ ನೋಡಿದ. ಅಲ್ಲಿಯೂ ಇತ್ತು, ಎದೆಯ ಮೇಲಿದ್ದದ್ದು ಈಗ ಅಂಚಿನ ಮೇಲಿತ್ತು, ಏಳುವವನು ಕೈ ಊರುವ ಹಾಗೆ.

"ಏನಯ್ಯಾ, ಬಾರಿಸು," ಅಂದರು ಯಜಮಾನರು.

ಅಣ್ಣ ಎದ್ದ. ಕೊಡತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಹಗ್ಗದಡಿ ನುಸುಳಿದ. ಬದುಕಿನಲ್ಲಿ ಒಮ್ಮೆಯೂ ಅವನು ರಿಂಗಿನ ಒಳಗೆ ಕಾಲಿಟ್ಟಿರಲಿಲ್ಲ. ಗಂಟೆಯವನಿಗೆ ಅಲ್ಲಿ ಕೆಲಸವಿಲ್ಲ. ಪೆಟ್ಟಿಗೆಯ ಮುಂದೆ ಬೆನ್ನು ಬಗ್ಗಿಸಿ ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ. ಅವನು ಪಕ್ಕಕ್ಕೆ ಸರಿದಾಗ ಅವನ ಕೈ ಬರಿದಾಗಿತ್ತು. ಕಡ್ಡಿಯೂ ಹೋಗದ ಮುಷ್ಟಿಯೊಳಗೆ ಕೊಡತಿಯ ಹಿಡಿ ಇತ್ತು. ಮುಷ್ಟಿ ಮತ್ತೆ ಎದೆಯ ಮೇಲೆ ಮಲಗಿತ್ತು.

"ನಾನು ಬಾರಿಸಲ್ಲ ಯಜಮಾನ್ರೇ," ಅಂದ ಅಣ್ಣ.

"ತಲೆ ಕೆಟ್ಟಿದ್ಯಾ? ಕ್ಯಾಮೆರಾ ಓಡ್ತಿದೆ." ಯಜಮಾನರು ಹೆಣ ತೊಳೆಯುವವನ ಕಡೆ ತಿರುಗಿದರು. "ಏಯ್, ನೀನು. ಅದನ್ನ ಬಿಡಿಸಿ ಇಲ್ಲಿ ಕೊಡು."

ಹೆಣ ತೊಳೆಯುವವನು ಮುಷ್ಟಿಯನ್ನು ನೋಡಿದ. ಅವಳ ಮುಖ ನೋಡಿದ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ.

"ನನ್ನ ಕೈಲಾಗಲ್ಲ ಸ್ವಾಮಿ," ಅಂದ. "ಬೇಕಾದ್ರೆ ನೀವೇ ಹತ್ತಿ ಬಂದು ಕೇಳಿ ಇಸ್ಕೊಳ್ಳಿ."

ಮೂರೇ ಮೆಟ್ಟಿಲು. ಯಜಮಾನರು ಮೊದಲನೆಯದರ ಮೇಲೆ ಕಾಲಿಟ್ಟರು. ಮೇಲೆ ರಿಂಗಿನ ಹಲಗೆ ಕಿರುಗುಟ್ಟಿತು. ಅವರು ಕಾಲು ತೆಗೆದರು.

ಅವಳು ಹಗ್ಗದಡಿ ನುಸುಳಿ ಬಂದು ಪೆಟ್ಟಿಗೆಯ ಮುಚ್ಚಳದ ಒಂದು ತುದಿ ಹಿಡಿದಳು, ಅಣ್ಣ ಇನ್ನೊಂದು ತುದಿ ಹಿಡಿದ. ಕೆಳಗೆ ಯಜಮಾನರ ಬೆರಳು ಇನ್ನೂ ಮೇಲೆಯೇ ಇತ್ತು.