ಗುಂಡು ಕೋಣೆಯ ಸಂಸಾರ

ದೀಪಸ್ತಂಭದ ಕಾವಲುಗಾರನಿಗೆ ನಲವತ್ತು ದಾಟಿದಾಗ ಅವನ ಮದುವೆಯ ಆಸೆಯನ್ನು ಮನೆಯವರೆಲ್ಲ ಕೈಬಿಟ್ಟಿದ್ದರು. ಅಕ್ಕ ಒಬ್ಬಳು ಮಾತ್ರ ಪಟ್ಟು ಸಡಿಲಿಸಿರಲಿಲ್ಲ. ಆದರೆ ನೂರಾ ಮೂವತ್ತು ಮೆಟ್ಟಿಲು ಅಂದ ಕೂಡಲೇ ಹೆಣ್ಣಿನ ಕಡೆಯವರು ಬೇರೆ ವಿಷಯ ತೆಗೆಯುತ್ತಿದ್ದರು.

ಆ ವರ್ಷ ತುದಿಯ ಕೋಣೆಯ ಪರದೆಗಳು ಜೀರ್ಣವಾದವು. ಹಗಲಲ್ಲಿ ದೀಪದ ದಪ್ಪ ಗಾಜಿಗೆ ಬಿಸಿಲು ತಾಗಿದರೆ ಅದು ಭೂತಗನ್ನಡಿಯ ಹಾಗೆ ಬೆಂಕಿ ಹಚ್ಚಬಹುದು. ಪರದೆ ಇಲ್ಲದೆ ಆಗುವುದಿಲ್ಲ. ಅಳತೆ ತೆಗೆಯಲು ಬಂದರಿನ ಬೀದಿಯ ದರ್ಜಿ ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು. ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದಳು.

“ಇಲ್ಲಿ ಒಂದಾದ್ರೂ ನೇರ ಗೋಡೆ ಇದೆಯಾ?”

“ಇಲ್ಲ.”

“ಮತ್ತೆ ಮಂಚ ಎಲ್ಲಿ ಹಾಕಿದೀರಾ?”

“ನಡುಮಧ್ಯ.”

ಅವಳು ನಕ್ಕಳು. ಪಿನ್ನುಗಳು ಚೆಲ್ಲಿದವು. ಇಬ್ಬರೂ ಮಂಡಿಯೂರಿ ಹೆಕ್ಕಿದರು.

ಪರದೆಗಳು ಬಂದವು, ಸರಿಯಾಗಿ ಕೂತವು. ಮೂರನೇ ದಿನ ಅವನು ಅಂಗಡಿಗೆ ಹೋಗಿ ಎರಡು ಗಿಡ್ಡವಾಗಿವೆ ಎಂದ. ಅವಳು ಟೇಪು ಹಿಡಿದು ಬಂದು ನೋಡಿದಳು.

“ಸರಿಯಾಗೇ ಇವೆಯಲ್ಲ! ಸುಳ್ಳು ಯಾಕೆ ಹೇಳಿದ್ರಿ?”

“ನೀವು ಬರ್ತೀರಿ ಅಂತ.”

“ನನ್ನ ಅರ್ಧ ದಿನ ಹಾಳಾಯ್ತು,” ಎಂದು ದಡದಡ ಇಳಿದುಹೋದಳು. ಅವನು ತಾನು ಮಾಡಿದ ಮೂರ್ಖತನಕ್ಕೆ ತನ್ನನ್ನೇ ಬೈದುಕೊಂಡ. ಮುಂದಿನ ಭಾನುವಾರ ಅವಳೇ ಹತ್ತಿ ಬಂದಳು, ಟೇಪಿಲ್ಲದೆ.

ಚಳಿಗಾಲ ಮುಗಿಯುವಷ್ಟರಲ್ಲಿ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಅಕ್ಕ ಸಾಕ್ಷಿ ಹಾಕಿದಳು, ಅತ್ತಳು ಕೂಡ. ಹೊಲಿಗೆ ಯಂತ್ರ ಬಿಚ್ಚಿದ ಭಾಗಗಳಾಗಿ ಎರಡನೇ ಅಂತಸ್ತಿಗೆ ಏರಿತು. ಅವಳ ಬೀರು ಮಾತ್ರ ದುಂಡು ಗೋಡೆಗೆ ಒರಗಲಿಲ್ಲ. ಅದರ ಹಿಂದೆ ಪೊರಕೆಯೊಂದಕ್ಕೆ ಜಾಗವಾಯಿತು.

ತೊಂದರೆ ಬೇರೆ ಕಡೆಯಿಂದ ಬಂತು. ರಾತ್ರಿಯೆಲ್ಲ ಅವನಿಗೆ ಕೆಲಸ, ಹಗಲೆಲ್ಲ ಅವಳಿಗೆ. ಅವನು ಮಲಗಿದಾಗ ಯಂತ್ರ ಕಟಕಟ ಎನ್ನುತ್ತಿತ್ತು. ಎರಡು ತಿಂಗಳಲ್ಲಿ ಒಟ್ಟಿಗೆ ಕೂತು ಉಂಡದ್ದು ನಾಲ್ಕೇ ಸಲ.

“ನಾನು ಕಟ್ಕೊಂಡಿದ್ದು ಗಂಡನನ್ನಾ, ಗೊರಕೆಯನ್ನಾ?” ಎಂದಳು ಒಂದು ಸಂಜೆ.

“ಕೆಲಸ ಕಲಿಸ್ಲಾ?” ಎಂದ.

ಗಾಜು ಒರೆಸುವುದು, ಗಾಳಿಯ ದಿಕ್ಕು ಬರೆಯುವುದು, ದೀಪ ತಿರುಗಿಸುವ ಗಡಿಯಾರದಂಥ ಯಂತ್ರಕ್ಕೆ ಕೀಲಿ ಕೊಡುವುದು, ಎಲ್ಲವನ್ನೂ ಅವಳು ಹದಿನೈದು ದಿನಗಳಲ್ಲಿ ಕಲಿತಳು. ಪಾಳಿ ಹಂಚಿಕೊಂಡರು. ತಪಾಸಣೆಗೆ ಬಂದ ಅಧಿಕಾರಿ ದಿನಚರಿ ಪುಸ್ತಕದಲ್ಲಿ ಎರಡು ಕೈಬರಹ ಕಂಡು ಹುಬ್ಬು ಗಂಟಿಕ್ಕಿದರು.

“ಇದು ಯಾರ ಅಕ್ಷರ?”

“ನನ್ನ ಹೆಂಡತೀದು.”

ಅಧಿಕಾರಿ ಪುಟ ತಿರುವಿದರು. ಅವಳ ಬರಹದಲ್ಲಿ ಚಿತ್ತಿರಲಿಲ್ಲ. ಪುಸ್ತಕಕ್ಕೆ ಸಹಿ ಹಾಕಿ ಹೋದರು. ಏಳು ತಿಂಗಳ ಮೇಲೆ ಅವಳನ್ನು ಸಹಾಯಕಿಯಾಗಿ ನೇಮಿಸಿದ ಆದೇಶ ಬಂತು.

ನಂತರವೂ ಜಗಳಗಳಾದವು. ಒಮ್ಮೆ ಮೂರು ದಿನ ಮಾತು ನಿಂತಿತ್ತು. ಆ ದಿನಗಳಲ್ಲೂ ಪಾಳಿ ತಪ್ಪಲಿಲ್ಲ.

ಬೇಸಿಗೆಯಲ್ಲಿ ಬಂದ ಅಕ್ಕ ತಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದಳು, “ನಿಜ ಹೇಳು, ಸುಖವಾಗಿದೀಯಾ?”

“ಊಟ ಒಟ್ಟಿಗೆ ಮಾಡ್ತೀವಿ,” ಎಂದ.